ಬಾನೆಟ್ಟಿನ ಮೇಲೆ ಕೂತ ಹನುಮಪ್ಪ

ದಿಬ್ಬೂರಹಳ್ಳಿಯ ಆಂಜನಪ್ಪನಿಗೆ ಬೆಳಗ್ಗೆ ಎದ್ದ ಕೂಡಲೇ ಮೂರು ಕಡೆ ಕೈ ಮುಗಿಯುವ ಅಭ್ಯಾಸ. ಮೊದಲು ಮೂಡಲ ದಿಕ್ಕಿಗೆ, ಆಮೇಲೆ ಊರ ಮುಂದಿನ ಹನುಮಪ್ಪನ ಗುಡಿಗೆ, ಕಡೆಗೆ ಅಂಗಳದ ಬೇವಿನ ಮರದ ಕೆಳಗೆ ನಿಂತ ಜೀಪಿಗೆ. ಸೂರ್ಯನೂ ಹನುಮಪ್ಪನೂ ಬರಿಯ ನಮಸ್ಕಾರಕ್ಕೆ ಸಮಾಧಾನಗೊಳ್ಳುತ್ತಿದ್ದರು. ಜೀಪಿಗೆ ಮಾತ್ರ ಬೆನ್ನು ಸವರಿ, "ಏನಪ್ಪ ಕೆಂದ, ನಿದ್ದೆ ಆಯ್ತಾ?" ಎಂದು ಕೇಳಬೇಕಿತ್ತು.

ಕೆಂದ ಅನ್ನುವುದು ಮೊದಲು ಒಂದು ಎತ್ತಿನ ಹೆಸರು. ಆ ಮನೆಯ ಕೊನೆಯ ಎತ್ತು ಅದು. ಅದು ವಯಸ್ಸಾಗಿ ತೀರಿಕೊಂಡ ವರ್ಷವೇ ಯಾವುದೋ ಸರ್ಕಾರಿ ಕಚೇರಿಯ ಹಳೆಯ ಪೆಟ್ರೋಲ್ ಜೀಪು ಹರಾಜಿಗೆ ಬಂತು. ಆಂಜನಪ್ಪ ಹೋಗಿ ಕೂಗಿ ಹಿಡಿದು ತಂದ. ಇಟ್ಟಿಗೆ ಬಣ್ಣದ ಮೈ, ದುಂಡು ಕಣ್ಣು, ಜೊತೆಗೆ ಒಂದಿಷ್ಟು ಹಟ. "ಹೋದವನೇ ತಿರುಗಿ ಬಂದವ್ನೆ ಕಣೇ" ಎಂದು ಹೆಂಡತಿಗೆ ಹೇಳಿ, ತಾನೇ ಅದರ ಹಣೆಗೆ ಕುಂಕುಮ ಇಟ್ಟಿದ್ದ. ಅಂದಿನಿಂದ ಎಷ್ಟೋ ಮಳೆ ಬಿಸಿಲು ಕಳೆದವು. ಮಗ ನಾಗರಾಜ ಅದರ ಹಿಂದಿನ ಸೀಟಿನಲ್ಲಿ ಕೂತು ಶಾಲೆಗೆ ಹೋಗಿ ಬಂದು, ದೊಡ್ಡವನಾಗಿ, ಈಗ ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತನಾಗಿ ದಿನಾ ಬೈಕಿನಲ್ಲಿ ಓಡಾಡುತ್ತಿದ್ದ. ಕೆಂದ ಮಾತ್ರ ಬೇವಿನ ಮರದ ಕೆಳಗೆ ಹಾಗೆಯೇ ಇದ್ದ.

ಈ ಬೇಸಿಗೆಯಲ್ಲಿ ಅಂಥ ಕೆಂದನಿಗೆ ಏನೋ ಆಯಿತು. ಸಾಯಂಕಾಲ ಹೇಳಿದ ಹಾಗೆ ಕೇಳುತ್ತಿದ್ದವನು ಬೆಳಗ್ಗೆ ಮುಷ್ಕರ ಹೂಡತೊಡಗಿದ.

ಅದೂ ಎಂಥ ಕಾಲದಲ್ಲಿ! ಆಂಜನಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಆ ಸಲ ರೇಷ್ಮೆ ಹುಳು ಹೆಚ್ಚಾಗಿಯೇ ಸಾಕಿದ್ದಳು. ಮನೆಯ ತೋಟದ ಹಿಪ್ಪುನೇರಳೆ ಸೊಪ್ಪು ಸಾಲದೆ, ಶಿಡ್ಲಘಟ್ಟದ ದಾರಿಯಲ್ಲಿ ತೋಟ ಮಾಡಿಕೊಂಡಿದ್ದ ಅವಳ ತಮ್ಮ ವೆಂಕಟರವಣಪ್ಪನಿಂದ ತರುವ ಮಾತಾಗಿತ್ತು. ಬಿಸಿಲೇರುವ ಮುಂಚೆ ಒಂದು ಲೋಡು, ಹೊತ್ತಿಳಿದ ಮೇಲೆ ಒಂದು ಲೋಡು. ದಾರಿಯಲ್ಲಿ ಸೊಪ್ಪು ಬಾಡಬಾರದೆಂದು ಮೇಲೆ ನೀರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸಿ ತರುವುದು. ಅದನ್ನೆಲ್ಲ ಹೊರುವ ಭಾರ ಕೆಂದನದು.

ಮುಷ್ಕರದ ಮೊದಲ ದಿನ ಬೆಳಗ್ಗೆ ಆಂಜನಪ್ಪ ಎಂದಿನಂತೆ ಕೈ ಮುಗಿದು ಸೀಟಿನಲ್ಲಿ ಕೂತು ಸೆಲ್ಫ್ ಹೊಡೆದ. ಕೆಂದ ಗುರ್ರ್ ಗುರ್ರ್ ಎಂದ. ಇನ್ನೊಂದು ಸಲ ಹೊಡೆದ. ಗುರ್ರ್ ಗುರ್ರ್ ಎಂದನೇ ಹೊರತು ಹೊತ್ತಿಕೊಳ್ಳಲಿಲ್ಲ. ನಾಗರಾಜ ಹಲ್ಲುಜ್ಜುವುದನ್ನು ಬಿಟ್ಟು ಬಂದು ಹಿಂದಿನಿಂದ ತಳ್ಳಿದ. ಗಾಡಿ ಗೇಟಿನ ತನಕ ಉರುಳಿ, ಕೆಮ್ಮಿ, ನಿಂತಿತು.

"ಅಪ್ಪ, ಇದು ಜೀಪಲ್ಲ, ಅಜ್ಜ. ಪಿಂಚಣಿ ಕೊಟ್ಟು ಕೂರ್ಸು" ಎಂದ ನಾಗರಾಜ, ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನು ಉಗಿಯುತ್ತ.

"ಎತ್ತಿಗೂ ಒಂದೊಂದು ದಿನ ಮೈ ಸರಿ ಇರಲ್ಲ ಕಣಪ್ಪ. ಸುಮ್ನೆ ಇರು" ಎಂದ ಆಂಜನಪ್ಪ.

ಕಡೆಗೆ ನಾಗರಾಜನೇ ಬೈಕಿನ ಮೇಲೆ ಮೂಟೆ ಕಟ್ಟಿಕೊಂಡು ಎರಡೆರಡು ಸಲ ಓಡಾಡಿ ಸೊಪ್ಪು ತಂದು, ಆಫೀಸಿಗೆ ತಡವಾಗಿ ಹೋದ. ಹುಳಮನೆಯ ಬಾಗಿಲಲ್ಲಿ ನಿಂತಿದ್ದ ರಾಮಲಕ್ಷ್ಮಮ್ಮ ಮೂಟೆಗಳನ್ನು ಒಂದೊಂದಾಗಿ ಎಣಿಸಿ ಒಳಗೆ ಎಳೆದುಕೊಂಡಳು. ಆ ಎಣಿಕೆ ಆಂಜನಪ್ಪನಿಗೆ ಬೈದದ್ದಕ್ಕಿಂತ ಹೆಚ್ಚು ಕೇಳಿಸಿತು.

ಫೋನು ಮಾಡಿದ್ದಕ್ಕೆ ಶಿಡ್ಲಘಟ್ಟದ ಮೆಕ್ಯಾನಿಕ್ ಬಯ್ಯಪ್ಪ ಹತ್ತು ಗಂಟೆಯ ಬಸ್ಸಿಗೆ ಬಂದಿಳಿದ. ರೇಷ್ಮೆಗೂಡು ಮಾರ್ಕೆಟ್ಟಿನ ಹಿಂದುಗಡೆ ಅವನ ಅಂಗಡಿ. ಎಣ್ಣೆ ಕೈ, ಕಿವಿಯ ಹಿಂದೆ ಒಂದು ಪೆನ್ಸಿಲ್ಲು, ಬಾಯಿ ತುಂಬ ಮಾತು. ಅವನು ಬ್ಯಾಗನ್ನು ಕೆಳಗಿಟ್ಟು, ಸುಮ್ಮನೆ ನೋಡೋಣ ಎಂದು ಸೆಲ್ಫ್ ಹೊಡೆದ. ಕೆಂದ ಒಂದೇ ಏಟಿಗೆ ಹೊತ್ತಿಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ ಗಂಭೀರವಾಗಿ ಗುಟುರು ಹಾಕುತ್ತ ನಿಂತ.

ಬಯ್ಯಪ್ಪ ಆಂಜನಪ್ಪನ ಮುಖ ನೋಡಿದ.

"ಅಣ್ಣ, ನನ್ನ ನೋಡ್ಬೇಕು ಅನ್ನಿಸಿದ್ರೆ ಬಾರಪ್ಪ ಊಟ ಮಾಡೋಣ ಅಂತ ಕರೀಬೇಕಿತ್ತು. ಗಾಡಿ ಮೇಲೆ ಯಾಕೆ ಹೇಳ್ಬೇಕಿತ್ತು?"

"ಹನುಮಪ್ಪನ ಆಣೆ ಬಯ್ಯಪ್ಪ, ಬೆಳಗ್ಗೆ ಸತ್ತವನ ಹಂಗೆ ಬಿದ್ದಿದ್ದ."

"ಡಾಕ್ಟ್ರನ್ನ ನೋಡಿದ ತಕ್ಷಣ ಜ್ವರ ಬಿಟ್ಟೈತೆ, ಅಷ್ಟೆ" ಎಂದು ಬಯ್ಯಪ್ಪ ಬಾನೆಟ್ಟು ಎತ್ತಿದ. ಒಂದು ಪ್ಲಗ್ಗು ಬಿಚ್ಚಿ, ವೈರಿನ ತುದಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಹಿಡಿದು ಸೆಲ್ಫ್ ಹೊಡೆಸಿದ. ನೀಲಿ ಕಿಡಿ ಟಿಕ್ ಟಿಕ್ ಎಂದು ಹಾರಿತು. "ನೋಡು, ಕರೆಂಟು ಎಷ್ಟು ಚೆನ್ನಾಗಿ ಬರ್ತೈತೆ." ಆದರೂ ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ. ಎರಡು ಕ್ಲಿಪ್ಪು ಸರಿಸಿ, ನಾಲ್ಕು ಪ್ಲಗ್ಗಿಗೂ ಕಿಡಿ ಹಂಚುವ ಕರಿ ಮುಚ್ಚಳ ತೆಗೆದು, ಅದರೊಳಗಿನ ಪಾಯಿಂಟು ಉಜ್ಜಿ ಮತ್ತೆ ಮುಚ್ಚಿದ. ಕಾಫಿ ಕುಡಿದು ಮಧ್ಯಾಹ್ನದ ಬಸ್ಸು ಹತ್ತಿದ.

ಸಾಯಂಕಾಲ ಕೆಂದ ಸಲೀಸಾಗಿ ಹೋಗಿ ಸೊಪ್ಪು ತಂದ. ಬೆಳಗ್ಗೆ ಮತ್ತೆ ಗುರ್ರ್ ಗುರ್ರ್.

ಆಮೇಲಿನ ದಿನಗಳಲ್ಲಿ ಬಯ್ಯಪ್ಪ ಪಾಯಿಂಟನ್ನೇ ಹೊಸದು ಹಾಕಿದ. ಕಾಯಿಲು ಬದಲಾಯಿಸಿದ. ಪ್ಲಗ್ಗು ನಾಲ್ಕೂ ಹೊಸವಾದವು. ಪ್ರತಿ ಸಲವೂ ಅವನು ಬಸ್ಸಿಳಿದು ಬರುವ ಹೊತ್ತಿಗೆ ಬಿಸಿಲು ಅಂಗಳ ತುಂಬಿ, ಕೆಂದ ಒಂದೇ ಏಟಿಗೆ ಹೊತ್ತಿಕೊಂಡು ಅವನನ್ನು ಅಣಕಿಸುತ್ತಿದ್ದ. "ನನ್ನ ಸರ್ವೀಸಲ್ಲಿ ಇಂಥ ಗಾಡಿ ನೋಡಿಲ್ಲ ಅಣ್ಣ. ಇದಕ್ಕೆ ನನ್ನ ಕಂಡ್ರೆ ಪ್ರೀತಿ, ನಿನ್ನ ಕಂಡ್ರೆ ಆಗಲ್ಲ" ಎಂದು ಬಯ್ಯಪ್ಪ ತಲೆ ಕೆರೆದುಕೊಂಡ.

ಆ ಮಾತು ಆಂಜನಪ್ಪನ ಎದೆಗೆ ನಾಟಿತು. ತಾನು ಏನು ಕಡಿಮೆ ಮಾಡಿದ್ದೇನೆ? ಯಾವತ್ತೂ ಮಾಡದಷ್ಟು ಉಪಚಾರ ಈ ಬೇಸಿಗೆಯಲ್ಲಿ ಮಾಡುತ್ತಿದ್ದೇನೆ. ಮುಂಚೆಯಾದರೆ ಕೆಂದನಿಗೆ ವಾರಕ್ಕೊಮ್ಮೆ ಕೆಲಸ. ಈಗ ದಿನಕ್ಕೆ ಎರಡು ಸಲ ದುಡಿತ, ಅದೂ ಈ ಉರಿಯಲ್ಲಿ. ಸಾಯಂಕಾಲ ಲೋಡು ಇಳಿಸಿದಾಗ ಬಾನೆಟ್ಟು ಮುಟ್ಟಿದರೆ ಕೈ ಸುಡುತ್ತಿತ್ತು. ಹಳೆಯ ಕೆಂದ ಬೇಸಿಗೆಯಲ್ಲಿ ಉತ್ತು ಬಂದಾಗ ಬೆನ್ನ ಮೇಲೆ ಒದ್ದೆ ಗೋಣಿ ಹೊದಿಸಿದರೆ ಹೇಗೆ ಕಣ್ಣು ಮುಚ್ಚಿ ಸುಖಪಡುತ್ತಿತ್ತು ಅನ್ನುವುದು ಅವನಿಗೆ ಮರೆತಿರಲಿಲ್ಲ. ಸೊಪ್ಪಿಗೆ ಹೊದಿಸಿದ ಗೋಣಿಚೀಲಗಳು ಹೇಗೂ ಕೈಯಲ್ಲಿರುತ್ತಿದ್ದವು. ಅವನ್ನು ತೊಟ್ಟಿಯಲ್ಲಿ ಇನ್ನೊಮ್ಮೆ ಅದ್ದಿ, ಬಾನೆಟ್ಟಿನ ಮೇಲೆ ಹಾಸಿ, "ತಣ್ಣಗೆ ಮಲಗಪ್ಪ" ಎಂದು ಒಳಗೆ ಹೋಗುತ್ತಿದ್ದ. ಬೆಳಗ್ಗೆ ಎದ್ದು ಅವೇ ಗೋಣಿಗಳನ್ನು ಎತ್ತಿ ಹಿಂದೆ ಹಾಕಿಕೊಂಡರೆ ಸೊಪ್ಪಿಗೂ ಆಯಿತು. ಇಷ್ಟು ಮಾಡಿದರೂ ಇವನಿಗೆ ಮುನಿಸೇಕೆ?

ಹುಳು ನಾಲ್ಕನೇ ಜ್ವರಕ್ಕೆ ಕೂತವು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಜಪಕ್ಕೆ ಕೂತ ಹಾಗೆ ಕದಲದೆ ಇರುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಆ ದಿನ ಸೊಪ್ಪು ಬೇಡ, ಗಾಡಿಗೂ ರಜ. ಜ್ವರ ಎದ್ದ ಮೇಲೆ ಮಾತ್ರ ಹುಳು ಹಗಲು ರಾತ್ರಿ ಎನ್ನದೆ ತಿನ್ನುತ್ತವೆ. ಒಂದು ಹೊತ್ತು ತಪ್ಪಿದರೆ ಗೂಡು ಸಣ್ಣಗಾಗುತ್ತದೆ.

"ಹುಳ ಜ್ವರಕ್ಕೆ ಕೂತ್ರೆ ಒಂದು ದಿನಕ್ಕೆ ಎದ್ದು ಬಾಯಿ ಬಿಡ್ತವೆ. ನಿಮ್ಮ ಕೆಂದ ಯಾವ ಜ್ವರಕ್ಕೆ ಕೂತವ್ನೆ?" ಎಂದು ರಾಮಲಕ್ಷ್ಮಮ್ಮ ಮಾತು ಶುರು ಮಾಡಿದಳು. ಭಾನುವಾರ ರಾತ್ರಿ ಊಟದ ಹೊತ್ತು ಅದು. "ನನ್ನ ತಮ್ಮ ಪಾಪ, ಬೆಳಗ್ಗೆ ಸೊಪ್ಪು ಕೊಯ್ಸಿಟ್ಕೊಂಡು ರಸ್ತೆ ನೋಡ್ತಾ ಕೂತಿರ್ತಾನೆ. ನಾಳೆಯಿಂದ ಹುಳ ಏಳ್ತವೆ. ಬೈಕಲ್ಲಿ ತಂದು ಪೂರೈಸಲ್ಲ. ನಾಗ, ಆ ಚಿಂತಾಮಣಿ ಗುಜರಿಯವರು ಏನಂದ್ರು ಹೇಳು ನಿಮ್ಮಪ್ಪನಿಗೆ."

ನಾಗರಾಜ ತಲೆ ಎತ್ತದೆ ಮುದ್ದೆ ಮುರಿಯುತ್ತ ಹೇಳಿದ. "ಟೆಂಪೋ ತಂದು ಎತ್ಕೊಂಡು ಹೋಗ್ತಾರಂತೆ ಅಪ್ಪ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರ್ಸಿ ಒಂದು ಸಣ್ಣ ಗೂಡ್ಸ್ ಆಟೋ ನೋಡಣ. ಶುಕ್ರವಾರ ಬರ್ತೀವಿ ಅಂದವ್ರೆ."

"ಶುಕ್ರವಾರ ಮನೆಯಿಂದ ಯಾವ್ದೂ ಆಚೆ ಕೊಡಬಾರ್ದು" ಎಂದಳು ರಾಮಲಕ್ಷ್ಮಮ್ಮ. ಆಂಜನಪ್ಪನಿಗೆ ಒಂದು ಕ್ಷಣ ಜೀವ ಬಂತು. ಅವಳು ಮುಂದುವರಿಸಿದಳು: "ಗುರುವಾರಾನೇ ಬರಕ್ಕೇಳು."

ಹೀಗೆ ಮಹಾಲಕ್ಷ್ಮಿಯ ದಯದಿಂದ ಕೆಂದನ ಆಯಸ್ಸಿನಲ್ಲಿ ಒಂದು ದಿನ ಕಡಿಮೆಯಾಯಿತು.

ಆಂಜನಪ್ಪ ತಟ್ಟೆಯಲ್ಲಿ ಕೈ ತೊಳೆದು ಮೆಲ್ಲಗೆ ಕೇಳಿದ: "ಗುರುವಾರ ಬೆಳಗ್ಗೆ ಅವನು ತಾನಾಗೇ ಹೊತ್ಕೊಂಡ್ರೆ?"

ರಾಮಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಗಟ್ಟಿ ಮಾತಿನವಳಾದರೂ ಗಟ್ಟಿ ಮನಸ್ಸಿನವಳಲ್ಲ. "ಹೊತ್ಕೊಂಡ್ರೆ ಇರ್ಲಿ. ಇಲ್ದಿದ್ರೆ ಅಡ್ಡ ನಿಲ್ಲಬಾರ್ದು. ಅಷ್ಟೇ ನನ್ನ ಮಾತು."

ರಜದ ದಿನವಾದರೂ ಸೆಕೆ ತಪ್ಪಿದ್ದಲ್ಲವಲ್ಲ ಎಂದು ಆ ಸಂಜೆಯೂ ಗೋಣಿ ಅದ್ದಿ ಹೊದಿಸಿದ್ದರೂ, ಮಾರನೆ ಬೆಳಗ್ಗೆ ಕೆಂದ ಎಂದಿನಂತೆ ಕೈ ಕೊಟ್ಟ. ಆಂಜನಪ್ಪ ನೇರ ಹನುಮಪ್ಪನ ಗುಡಿಯ ಕಟ್ಟೆಗೆ ಹೋಗಿ ಕೂತ. ಅಲ್ಲಿ ನಲ್ಲಪ್ಪ ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದ. ನಲ್ಲಪ್ಪ ಊರಿನ ಭಜನಾ ಮಂಡಳಿಯ ಯಜಮಾನ, ದೂರದ ಸಂಬಂಧದಲ್ಲಿ ಆಂಜನಪ್ಪನಿಗೆ ಬಾವ. ಆಂಧ್ರದ ಗಡಿ ಕಡೆಯ ಊರಿನಿಂದ ಬಂದವನಾದ್ದರಿಂದ ಅವನ ಕನ್ನಡದಲ್ಲಿ ತೆಲುಗು ಆಗಾಗ ಇಣುಕುತ್ತಿತ್ತು.

"ಏಂ ಬಾವಾ, ಮುಖ ಯಾಕೆ ಹಂಗೈತೆ?"

ಆಂಜನಪ್ಪ ಎಲ್ಲ ಹೇಳಿಕೊಂಡ. ನಲ್ಲಪ್ಪ ಕಣ್ಣು ಮುಚ್ಚಿ ಕೇಳಿದ. ಅವನು ಏನನ್ನು ಕೇಳಿದರೂ ಕಣ್ಣು ಮುಚ್ಚಿಯೇ ಕೇಳುತ್ತಿದ್ದ.

"ಒಂದು ದಿನಾನೂ ಬೆಳಗ್ಗೆ ಸ್ಟಾರ್ಟ್ ಆಗೇ ಇಲ್ವಾ?"

ಆಂಜನಪ್ಪ ಯೋಚಿಸಿದ. "ಆಗಿತ್ತು. ನಿನ್ನೆ ಆಗಿತ್ತು, ಭಾನುವಾರ. ಹುಳ ಜ್ವರದಲ್ಲಿದ್ದಿದ್ದಕ್ಕೆ ಸೊಪ್ಪಿಗೆ ಹೋಗಲಿಲ್ಲ. ಸುಮ್ನೆ ನೋಡಣ ಅಂತ ಹೊಡೆದೆ, ಒಂದೇ ಏಟಿಗೆ ಹೊತ್ಕೊಂಡ. ಅದರ ಹಿಂದಿನ ಭಾನುವಾರಾನೂ ಅಷ್ಟೆ."

ನಲ್ಲಪ್ಪ ಕಣ್ಣು ಬಿಟ್ಟ. "ಶನಿವಾರ ಶನಿವಾರ ಏನು ನಡೀತೈತೆ ಇಲ್ಲಿ?"

"ಭಜನೆ."

"ಭಜನೆಗೆ ಯಾರು ಬರ್ತಾರೆ?"

"ನಾನು."

"ಇನ್ನೇನು ಬೇಕು?" ಎಂದು ನಲ್ಲಪ್ಪ ಹಾರ್ಮೋನಿಯಮ್ಮಿನ ಮೇಲೆ ಬಟ್ಟೆ ಮುಚ್ಚಿದ. "ಯಜಮಾನ ಭಜನೆ ಮಾಡಿದ ಮರುದಿನ ಗಾಡಿ ಹೊತ್ಕೊಂತೈತೆ. ಬಯ್ಯಪ್ಪನಿಗೆ ಇದೆಲ್ಲ ಎಲ್ಲಿ ತಿಳೀಬೇಕು? ಇವತ್ತು ಸಾಯಂಕಾಲ ಮಂಡಳಿ ನಿಮ್ಮನೆ ಅಂಗಳಕ್ಕೇ ಬರ್ತೈತೆ ಬಾವ."

ಶನಿವಾರ ಸಂಜೆ ಆಂಜನಪ್ಪ ಸ್ನಾನ ಮಾಡಿ ನೇರ ಗುಡಿಗೆ ಬಂದುಬಿಡುತ್ತಿದ್ದ ಎಂಬುದಾಗಲಿ, ಆ ದಿನ ಸೊಪ್ಪು ತರುವ ನಾಗರಾಜ ಗೋಣಿಗಳನ್ನು ಬೇಲಿಯ ಮೇಲೆ ಎಸೆದು ಒಳಗೆ ಹೋಗುತ್ತಿದ್ದ ಎಂಬುದಾಗಲಿ ಆ ಕಟ್ಟೆಯ ಮೇಲೆ ಕೂತ ಇಬ್ಬರಿಗೂ ಹೊಳೆಯಲಿಲ್ಲ. ಭಕ್ತರ ಕಣ್ಣು ದೊಡ್ಡದನ್ನು ನೋಡುತ್ತಿರುತ್ತದೆ. ಗೋಣಿಚೀಲ ಅದರಲ್ಲಿ ಹಿಡಿಸುವುದಿಲ್ಲ.

ಅಂದು ಸಂಜೆ ತಾಳ, ಡೋಲಕ್ಕು, ಹಾರ್ಮೋನಿಯಮ್ಮು ಸಮೇತ ಮಂಡಳಿ ಬಂತು. ಮಂಡಳಿಗೆ ಸೇರಿದ ಹನುಮಪ್ಪನ ದೊಡ್ಡ ಪಟವನ್ನು ಎಲ್ಲಿ ಇಡುವುದೆಂಬ ಚರ್ಚೆಯಾಗಿ, ಗಾಡಿಗಾಗಿಯೇ ಭಜನೆಯಾದ್ದರಿಂದ ಬಾನೆಟ್ಟಿನ ಮೇಲೆಯೇ ಮಡಿಬಟ್ಟೆ ಹಾಸಿ ಇಟ್ಟರು. ಕನಕಾಂಬರದ ಹಾರ ಹಾಕಿದರು. ನಲ್ಲಪ್ಪ ಊದುಬತ್ತಿಗೆ ಬೆಂಕಿ ಕಡ್ಡಿ ಗೀರಿದ್ದೇ ತಡ, ಹುಳಮನೆಯ ಕಡೆಯಿಂದ ರಾಮಲಕ್ಷ್ಮಮ್ಮ ಬಂದಳು.

"ಅಣ್ಣ, ಊದುಬತ್ತಿ, ಸಾಂಬ್ರಾಣಿ, ಕರ್ಪೂರ ಎಲ್ಲ ಗೇಟಿನಾಚೆ. ಹೊಗೆ ತಾಗಿದ್ರೆ ನನ್ನ ಹುಳ ಮೇವು ಬಿಡ್ತವೆ."

"ಸ್ವಾಮಿಗೆ ಧೂಪ ಇಲ್ದೆ ಹೆಂಗಮ್ಮ?"

"ಸ್ವಾಮಿ ಸಮುದ್ರ ಹಾರಿದೋನು. ಗೇಟಿನಾಚೆ ಇರೋ ಮಂಗಳಾರತಿ ಕಾಣಲ್ವಾ ಅವನಿಗೆ?"

ನಲ್ಲಪ್ಪ ಊದುಬತ್ತಿ ಎತ್ತಿಕೊಂಡು ಹೊರಟ. ಗೇಟಿನಾಚೆ ರಸ್ತೆಯಲ್ಲಿ ನಿಂತು ಕರ್ಪೂರ ಬೆಳಗಿದ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ಕ್ಯಾನಿನವನು ಸೈಕಲ್ಲಿನಿಂದ ಇಳಿದು, ಯಾವ ದೇವರೆಂದು ಕೇಳದೆ ಆರತಿ ತೆಗೆದುಕೊಂಡು ಹೋದ. ಭಜನೆ ಜೋರಾಗಿ ನಡೆಯಿತು. ಹುಳಕ್ಕೆ ಸೊಪ್ಪು ಹಾಕುವುದರ ಮಧ್ಯೆ ರಾಮಲಕ್ಷ್ಮಮ್ಮ ಅಷ್ಟೂ ಜನಕ್ಕೆ ಉಪ್ಪಿಟ್ಟು ಕೆದಕಿ ಹಾಕಿದಳು. ಎಲ್ಲ ಮುಗಿದ ಮೇಲೆ ನಲ್ಲಪ್ಪ, "ಪಟ ಇಲ್ಲೇ ಇರ್ಲಿ ಬಾವ, ಬೆಳಗ್ಗೆ ತಗೊಂಡು ಹೋಗ್ತೀನಿ" ಎಂದ. ಹನುಮಪ್ಪ ಬಾನೆಟ್ಟಿನ ಮೇಲೆ ಗದೆ ಹಿಡಿದು ಕಾವಲಿಗೆ ನಿಂತ. ತೊಟ್ಟಿಯ ಪಕ್ಕದಲ್ಲಿ ಗೋಣಿಚೀಲಗಳು ತಮ್ಮ ಪಾಡಿಗೆ ಬಿದ್ದುಕೊಂಡಿದ್ದವು.

ಮಂಗಳವಾರ ಬೆಳಗ್ಗೆ ಸೆಲ್ಫ್ ಮುಟ್ಟುವುದೇ ತಡ, ಕೆಂದ ಹೊತ್ತಿಕೊಂಡ.

ಆಂಜನಪ್ಪನ ಕಣ್ಣಲ್ಲಿ ನೀರು ಬಂತು. ನಾಗರಾಜ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಾಗೇ ನಿಂತ. ರಾಮಲಕ್ಷ್ಮಮ್ಮ ಸಹ ಒಳಗೆ ಹೋಗಿ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿ ಬಂದಳು. ಸುದ್ದಿ ಊರಲ್ಲಿ ಹರಡಿ, ಹತ್ತು ಗಂಟೆಯ ಹೊತ್ತಿಗೆ ಯಾರೋ ತಮ್ಮ ಬೋರ್‌ವೆಲ್ ಮೋಟಾರಿಗೂ ಒಂದು ಭಜನೆ ಮಾಡಿಸಬಹುದೇ ಎಂದು ನಲ್ಲಪ್ಪನನ್ನು ವಿಚಾರಿಸಿದರಂತೆ.

ಗಾಡಿ ವಾಸಿಯಾಯಿತೆಂದು ಆ ಸಂಜೆ ಭಜನೆ ಇರಲಿಲ್ಲ. ಪಟ ಗುಡಿಗೆ ಹೋಗಿತ್ತು. ಆಂಜನಪ್ಪ ಹೆಚ್ಚಿನ ಪ್ರೀತಿಯಿಂದ ಗೋಣಿಗಳನ್ನು ಚೆನ್ನಾಗಿ ಅದ್ದಿ ಕೆಂದನಿಗೆ ಹೊದಿಸಿದ.

ಬುಧವಾರ ಬೆಳಗ್ಗೆ ಗುರ್ರ್ ಗುರ್ರ್.

"ಅಪ್ಪ, ಇನ್ಮೇಲೆ ಪೆಟ್ರೋಲಿನ ಜೊತೆ ದಿನಾ ಹಾರ್ಮೋನಿಯಂ ಬೇರೆ ತುಂಬಿಸ್ಬೇಕಾ?" ಎಂದ ನಾಗರಾಜ. ಆದರೆ ಅಪ್ಪನ ಮುಖ ನೋಡಿ ಬೈಕಿಗೆ ಹಗ್ಗ ಕಟ್ಟತೊಡಗಿದ.

ಆಂಜನಪ್ಪ ಗುಡಿಗೆ ಓಡಿದ. ಮಂಡಳಿಯವರು ಒಂದು ಮಿನಿ ಬಸ್ಸಿಗೆ ಹತ್ತುತ್ತಿದ್ದರು. ಗೌರಿಬಿದನೂರಿನಲ್ಲಿ ಯಾರದೋ ಗೃಹಪ್ರವೇಶ, ಸಂಜೆ ಅಲ್ಲಿ ಭಜನೆ. ಪಟ ಆಗಲೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿತ್ತು.

"ಒಪ್ಕೊಂಡು ತಿಂಗಳಾಯ್ತು ಬಾವ, ಬಿಡಕ್ಕಾಗಲ್ಲ" ಎಂದು ನಲ್ಲಪ್ಪ ಕಿಟಕಿಯಿಂದ ಆಂಜನಪ್ಪನ ಕೈ ಹಿಡಿದುಕೊಂಡ. "ನೀನೊಬ್ಬನೇ ಕೂತು ಹಾಡು. ತಾಳ ಇಲ್ದಿದ್ರೂ ಪರವಾಗಿಲ್ಲ. ಸ್ವಾಮಿಗೆ ಕಿವಿ ಚುರುಕು."

ಅಂದು ಸಂಜೆ ಸೊಪ್ಪಿನ ಲೋಡು ಇಳಿಸಿ, ಹುಳಮನೆಗೆ ಸೇರಿಸಿ, ಆಂಜನಪ್ಪ ಬೇವಿನ ಮರದ ಬುಡದ ಕಲ್ಲಿನ ಮೇಲೆ ಕೂತ. ನಾಳೆ ಈ ಹೊತ್ತಿಗೆ ಈ ಜಾಗ ಖಾಲಿ. ಕೊನೆಯ ರಾತ್ರಿಯಾದರೂ ತಣ್ಣಗೆ ಮಲಗಲಿ ಎಂದು ಗೋಣಿಗಳನ್ನು ಎರಡು ಸಲ ಅದ್ದಿ, ಅಂಚು ಎಳೆದು, ಮಗುವಿಗೆ ಹೊದಿಸಿದ ಹಾಗೆ ಹೊದಿಸಿದ್ದ. ಆಮೇಲೆ ಕೈ ಮುಗಿದು, ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟ ಒಂದು ಪದವನ್ನು ಸಣ್ಣ ದನಿಯಲ್ಲಿ ಹಾಡತೊಡಗಿದ. ಅವನ ಕಂಠ ಅಂಥದ್ದೇನಲ್ಲ. ಮಂಡಳಿಯಲ್ಲಿ ಡೋಲಕ್ಕಿನ ಹಿಂದೆ ಅವನ ದನಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಒಬ್ಬನೇ ಹಾಡುವಾಗ ಅವನಿಗೇ ತನ್ನ ದನಿ ಹೊಸದಾಗಿ ಕೇಳಿಸಿತು.

ಒಂದು ನುಡಿ ಮುಗಿಯಿತು. ಉಸಿರಿಗೆ ನಿಂತ. ಅಂಗಳದಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೂರದಲ್ಲಿ ಸಣ್ಣ ಮಳೆ ಬಂದ ಹಾಗಿತ್ತು ಅದು. ಆ ಮೌನದಲ್ಲಿ ಕೆಂದನ ಒಳಗಿನಿಂದ "ಚುಂಯ್" ಅಂತು.

ಆಂಜನಪ್ಪನ ಮೈ ನವಿರೆದ್ದಿತು. ಕೆಂದ ಓಗೊಟ್ಟನೆ? ಇನ್ನೊಂದು ನುಡಿ ಹಾಡಿ ನಿಲ್ಲಿಸಿದ. ತುಸು ಹೊತ್ತಿಗೆ ಮತ್ತೆ "ಚುಂಯ್". ಕಾದ ಕಾವಲಿಯ ಮೇಲೆ ರಾಮಲಕ್ಷ್ಮಮ್ಮ ನೀರು ಚಿಮುಕಿಸಿದಾಗ ಬರುವ ಸದ್ದು.

ಕಾದ ಕಾವಲಿ. ನೀರು.

ಅವನು ಎದ್ದು ಹೋಗಿ ಗೋಣಿ ಸರಿಸಿ ಬಾನೆಟ್ಟು ಎತ್ತಿದ. ಮೊಬೈಲಿನ ಬೆಳಕು ಹಾಕಿದ. ಬಾನೆಟ್ಟಿನ ಸಂದಿಯಲ್ಲಿ ನೀರು ಗೆರೆಯಾಗಿ ಇಳಿದು, ತೊಟ್ಟು ಕಟ್ಟಿ, ಬಿಸಿ ಎಂಜಿನ್ನಿನ ಮೇಲೆ ಬೀಳುತ್ತಿತ್ತು. ಬಿದ್ದದ್ದು ಹಬೆಯಾಗಿ ಮೇಲೆದ್ದು ಅಲ್ಲೇ ಸುತ್ತಾಡುತ್ತಿತ್ತು. ಬಯ್ಯಪ್ಪ ಮಾಡಿದ ಹಾಗೆಯೇ ಎರಡು ಕ್ಲಿಪ್ಪು ಸರಿಸಿ ಕರಿ ಮುಚ್ಚಳ ತೆಗೆದ. ಅದರ ಒಳಮೈಯಲ್ಲಿ, ನಂದಿಬೆಟ್ಟದ ಹುಲ್ಲಿನ ಮೇಲೆ ಬೆಳಗ್ಗೆ ಕೂತಿರುವ ಮಂಜಿನಂತೆ, ಸಣ್ಣ ಸಣ್ಣ ಹನಿ. ಕಿಡಿ ಹಂಚುವ ಮನೆಯೇ ಒದ್ದೆ. ಒದ್ದೆ ಬತ್ತಿಯನ್ನು ಯಾವ ಭಕ್ತಿಯಿಂದ ಹೊತ್ತಿಸಿದರೆ ತಾನೆ ದೀಪ ಉರಿಯುತ್ತದೆ?

ಬಿಸಿಲೇರಿದ ಮೇಲೆ ಒಣಗಿ, ಬಯ್ಯಪ್ಪ ಬರುವ ಹೊತ್ತಿಗೆ ಕೆಂದ ಯಾಕೆ ಒಂದೇ ಏಟಿಗೆ ಏಳುತ್ತಿದ್ದ ಅನ್ನುವುದು ತಿಳಿಯಿತು. ಶನಿವಾರಗಳ ಗುಟ್ಟು ತಿಳಿಯಿತು. ಸೋಮವಾರ ರಾತ್ರಿ ಬಾನೆಟ್ಟಿನ ಮೇಲೆ ಯಾರು ಕೂತಿದ್ದರು ಅನ್ನುವುದೂ ನೆನಪಾಯಿತು. ಆಂಜನಪ್ಪ ಹೆಗಲ ಟವೆಲ್ಲಿನಿಂದ ಮುಚ್ಚಳ ಒರೆಸುತ್ತ ಒಬ್ಬನೇ ನಗತೊಡಗಿದ. ನಗುತ್ತ ನಗುತ್ತ ಬಯ್ಯಪ್ಪನಿಗೆ ಫೋನು ಮಾಡಿದ.

"ಬಯ್ಯಪ್ಪ, ಆ ಕರಿ ಮುಚ್ಚಳದೊಳಗೆ ನೀರು."

"ನೀರಾ? ಮಳೆ ಇಲ್ಲ ಮಂಜಿಲ್ಲ, ಈ ಬೇಸಿಗೇಲಿ ಎಲ್ಲಿಂದ ಬಂತಣ್ಣ?"

"ಕೆಂದನಿಗೆ ಸೆಕೆ ಆಗ್ತೈತೆ ಅಂತ ದಿನಾ ಸಾಯಂಕಾಲ ಒದ್ದೆ ಗೋಣಿ ಹೊದಿಸ್ತಿದ್ದೆ."

ಬಯ್ಯಪ್ಪನ ದನಿ ನಗುವಿನಲ್ಲಿ ಕುಲುಕಾಡುತ್ತ ಬಂತು. "ಅಯ್ಯೋ ಪುಣ್ಯಾತ್ಮ. ಪಾಪ, ಆ ಹಳೆ ಕಾಯಿಲು, ಪಾಯಿಂಟು, ಪ್ಲಗ್ಗು, ಯಾವ ತಪ್ಪೂ ಮಾಡದೆ ಜೈಲಿಗೆ ಹೋದ್ವಲ್ಲ. ನಾನಾದ್ರೂ ಒಂದು ದಿನ ಬೆಳಗ್ಗೇನೇ ಎದ್ದು ಬರ್ಬೇಕಿತ್ತು, ಬಸ್ಸು ಬಸ್ಸು ಅಂತ ಕೂತೆ. ಒಣಬಟ್ಟೇಲಿ ಒಳಗೂ ಹೊರಗೂ ಒರ್ಸು, ವೈರುಗಳನ್ನೂ ಒರ್ಸು. ಗೋಣಿ ದೂರ ಇಡು. ಬೆಳಗ್ಗೆ ಹೊತ್ಕೊಳ್ದಿದ್ರೆ ನಾನು ಕಸುಬೇ ಬಿಡ್ತೀನಿ."

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಗುಜರಿಯವರ ಟೆಂಪೋ ಹಗ್ಗ, ಹಲಗೆ ಸಮೇತ ಗೇಟಿನ ಮುಂದೆ ಬಂದು ನಿಂತಿತ್ತು. ರಾಮಲಕ್ಷ್ಮಮ್ಮ ಕೈ ಕಟ್ಟಿಕೊಂಡು ಹುಳಮನೆಯ ಬಾಗಿಲಲ್ಲಿ ನಿಂತಿದ್ದಳು. ಮಾತು ಕೊಟ್ಟದ್ದು ಅವಳೇ ಆದರೂ ರಾತ್ರಿ ಅವಳಿಗೂ ನಿದ್ದೆ ಬಂದಿರಲಿಲ್ಲ. ಆಂಜನಪ್ಪ ಮೂಡಲಿಗೆ ಕೈ ಮುಗಿದ, ಗುಡಿಯ ಕಡೆಗೆ ಮುಗಿದ, ಕೆಂದನ ಬೆನ್ನು ಸವರಿದ. ಸೆಲ್ಫ್ ಹೊಡೆದ.

ಕೆಂದ ಒಂದೇ ಏಟಿಗೆ ಹೊತ್ತಿಕೊಂಡ.

ಗುಜರಿಯವನು ಹಗ್ಗವನ್ನು ಮತ್ತೆ ಸುತ್ತುತ್ತ ಬೇಸರದಿಂದ ಹೇಳಿದ: "ಇಷ್ಟು ಚೆನ್ನಾಗಿರೋ ಗಾಡೀನ ಯಾಕ್ರೀ ಮಾರಕ್ಕೆ ಹೋಗಿದ್ರಿ?"

"ಕಾಫಿ ಕುಡ್ಕೊಂಡು ಹೋಗಪ್ಪ, ಅಷ್ಟು ದೂರದಿಂದ ಬಂದಿದೀಯ" ಎಂದು ರಾಮಲಕ್ಷ್ಮಮ್ಮ ಒಳಗೆ ಹೋದಳು. ಅವಳ ನಡೆಯಲ್ಲಿ ಹುರುಪಿತ್ತು. ನಾಗರಾಜ ಬೈಕಿನಿಂದ ಹಗ್ಗ ಬಿಚ್ಚಿ, ಜೀಪಿನ ಹಿಂದೆ ಹತ್ತಿ ಕೂತ, ಶಾಲೆಗೆ ಹೋಗುತ್ತಿದ್ದಾಗ ಕೂರುತ್ತಿದ್ದ ಜಾಗದಲ್ಲೇ. "ನಡಿ ಅಪ್ಪ, ಸೊಪ್ಪಿಗೆ ಹೋಗಣ."

ಸೊಪ್ಪು ತಂದು ಇಳಿಸಿದ ಮೇಲೆ ಆಂಜನಪ್ಪ ಹೆಂಡತಿಗೆ ಎಲ್ಲ ಹೇಳಿದ. ಭಜನೆಯ ಮಹಿಮೆ ಎಂದು ಸುಮ್ಮನಿದ್ದುಬಿಡಬಹುದಿತ್ತು; ಆದರೆ ದೇವರ ಹೆಸರಿನಲ್ಲಿ ತನ್ನ ದಡ್ಡತನ ಮುಚ್ಚಿಡಲು ಮನಸ್ಸು ಬರಲಿಲ್ಲ. ರಾಮಲಕ್ಷ್ಮಮ್ಮ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಗಳನ್ನು ಹಾಗೇ ಹಿಡಿದು ಕೇಳಿದಳು.

"ನಾನು ದಿನಾ ನೋಡ್ತಿದ್ದೆ" ಎಂದಳು ಕಡೆಗೆ. "ಬಿಸಿ ಐತಲ್ಲ, ಗೋಣಿ ಒಣಗಕ್ಕೆ ಹಾಕಿದೀರ ಅನ್ಕೊಂಡಿದ್ದೆ."

"ಒಣಗಕ್ಕಲ್ಲ ಕಣೇ. ತಣ್ಣಗಿರ್ಲಿ ಅಂತ."

ಅವಳು ಸೊಪ್ಪನ್ನು ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹುಳಗಳಿಗೆ ಸದ್ದಾಗಬಾರದೆಂದು ತಡೆದಷ್ಟೂ ನಗು ಹೆಚ್ಚಾಯಿತು. "ನನ್ನ ಮೇಲೆ ಒಂದು ದಿನಾನೂ ಒದ್ದೆ ಗೋಣಿ ಹೊದಿಸಲಿಲ್ಲವಲ್ಲ ನೀವು" ಎಂದಳು ಕಣ್ಣೊರೆಸಿಕೊಂಡು.

ಶನಿವಾರ ಗುಡಿಯ ಕಟ್ಟೆಯ ಮೇಲೆ ನಲ್ಲಪ್ಪನಿಗೂ ಹೇಳಬೇಕಾಯಿತು. ಅದು ಹೆಚ್ಚು ಕಷ್ಟದ ಕೆಲಸವಾಗಿತ್ತು. ಬೋರ್‌ವೆಲ್ ಮೋಟಾರಿನವರಿಗೆ ಅವನು ಆಗಲೇ ದಿನ ಗೊತ್ತು ಮಾಡಿಕೊಟ್ಟಿದ್ದ. ನಲ್ಲಪ್ಪ ಎಂದಿನಂತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೂ ಕಣ್ಣು ಬಿಡಲಿಲ್ಲ.

"ಬೇಜಾರಾಯ್ತಾ ಬಾವ?" ಎಂದ ಆಂಜನಪ್ಪ.

"ಯಾಕೆ ಬೇಜಾರು? ಸೋಮವಾರ ಪಟ ಎಲ್ಲಿಟ್ಟಿದ್ವಿ?"

"ಬಾನೆಟ್ಟಿನ ಮೇಲೆ."

"ಅಂಗಳದಲ್ಲಿ ಜಗುಲಿ ಇತ್ತು, ಕಲ್ಲಿತ್ತು, ತುಳಸಿ ಕಟ್ಟೆ ಇತ್ತು. ಸ್ವಾಮಿ ಅಲ್ಲೇ ಯಾಕೆ ಹೋಗಿ ಕೂತ?" ನಲ್ಲಪ್ಪ ಈಗ ಕಣ್ಣು ಬಿಟ್ಟ. "ನಿನ್ನ ಗೋಣಿಗೆ ಜಾಗ ಇರಬಾರ್ದು ಅಂತ. ಅದೂ ನಿನಗೆ ತಿಳೀಲಿಲ್ಲ. ಆಮೇಲೆ ನಮ್ಮನ್ನೆಲ್ಲ ಗೌರಿಬಿದನೂರಿಗೆ ಕಳ್ಸಿ, ನಮ್ಮ ಗಲಾಟೆ ಇಲ್ದಂಗೆ ಮಾಡಿ, ನಿನ್ನ ಕಿವಿಗೇ ಕೇಳ್ಸಿದ. ಇನ್ನು ಹೆಂಗಪ್ಪ ಹೇಳ್ಬೇಕು ಆ ಸ್ವಾಮಿ?"

ಆಂಜನಪ್ಪ ಗುಡಿಯೊಳಗೆ ನೋಡಿದ. ಎಣ್ಣೆ ದೀಪದ ಬೆಳಕಿನಲ್ಲಿ ಸಿಂಧೂರ ಮೆತ್ತಿದ ಹನುಮಪ್ಪ ಯಾವ ಪಕ್ಷವನ್ನೂ ವಹಿಸದೆ ನಿಂತಿದ್ದ. ಆಂಜನಪ್ಪ ಕೈ ಮುಗಿದು, ಡೋಲಕ್ಕಿನ ಹಿಂದಿನ ತನ್ನ ಜಾಗದಲ್ಲಿ ಹೋಗಿ ಕೂತ. ಅಂದು ಅವನ ದನಿ ಸ್ವಲ್ಪ ಮೇಲಕ್ಕೇ ಕೇಳಿಸಿತು ಎಂದು ಆಮೇಲೆ ಮಂಡಳಿಯವರು ಹೇಳಿದರು. ಹೊಗಳಿದರೋ ದೂರಿದರೋ ಅವನು ಕೇಳಲು ಹೋಗಲಿಲ್ಲ.

ಹುಳು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರ ತಟ್ಟಿ ಏರಿ ಗೂಡು ಕಟ್ಟುವ ತನಕ ಕೆಂದ ಒಂದು ಹೊತ್ತೂ ತಪ್ಪಿಸಲಿಲ್ಲ. ಈಗಲೂ ಸಂಜೆ ಗಾಡಿಯ ಸದ್ದು ನಿಂತ ಕೂಡಲೇ ಒಳಗಿನಿಂದ ರಾಮಲಕ್ಷ್ಮಮ್ಮನ ದನಿ ಬರುತ್ತದೆ.

"ಗೋಣಿ ಎಲ್ಲಿ?"

"ಬೇಲಿ ಮೇಲೆ ಕಣೇ" ಎನ್ನುತ್ತಾನೆ ಆಂಜನಪ್ಪ. ಹೇಳಿ, ಅವಳು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಗಲ ಒಣ ಟವೆಲ್ಲು ತೆಗೆದು, ಕೆಂದನಿಗೆ ನಾಲ್ಕು ಸಲ ಗಾಳಿ ಬೀಸಿ ಒಳಗೆ ಹೋಗುತ್ತಾನೆ.